ಬಾವಿಗೆ ಧುಮುಕಿ ತಲೆಗೆ ಪೆಟ್ಟಾದ ತಮ್ಮ: ‘ಸೋಮಾರಿ’ ಅನ್ನುವವರಿಗೆ ಏನು ಹೇಳಲಿ?

ಶಿಡ್ಲಘಟ್ಟದ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಹಿಪ್ಪುನೇರಳೆ ತೋಟ ಇದೆ, ರೇಷ್ಮೆ ಹುಳು ಸಾಕುತ್ತೇವೆ. ನನ್ನ ತಮ್ಮನಿಗೆ ಈಗ ಇಪ್ಪತ್ತಾರು ವರ್ಷ. 2022ರ ಏಪ್ರಿಲ್‌ನಲ್ಲಿ ಪಕ್ಕದ ತೋಟದ ಬಾವಿಗೆ ತಲೆ ಕೆಳಗಾಗಿ ಧುಮುಕಿದ. ನೀರಿನಡಿ ಚಾಚಿಕೊಂಡಿದ್ದ ಮೆಟ್ಟಿಲ ಕಲ್ಲಿಗೆ ತಲೆ ಬಡಿಯಿತು.

ನಮ್ಮ ಕಡೆಯವರಿಗೆ ಗೊತ್ತು, ಎಷ್ಟೋ ವರ್ಷ ಬಾವಿಗಳಲ್ಲಿ ಮುಳ್ಳುಗಿಡ ಬೆಳೆದಿತ್ತು. 2021ರ ನವೆಂಬರ್ ಮಳೆಗೆ ಕೆರೆ ಕೋಡಿ ಹೋಯಿತು, ಬಾವಿಗಳಿಗೂ ನೀರು ಬಂತು. ಹುಡುಗರಿಗೆ ಅದೇ ಹಬ್ಬ. ಸಂಕ್ರಾಂತಿ ಹೊತ್ತಿಗೆ ಎರಡಾಳು ನೀರಿತ್ತು. ತಮ್ಮ ಆಗ ದಿನಾ ಅದೇ ಜಾಗದಿಂದ ಧುಮುಕುತ್ತಿದ್ದ, ಏನೂ ಆಗಿರಲಿಲ್ಲ. ಏಪ್ರಿಲ್‌ಗೆ ನೀರು ಇಳಿದಿತ್ತು. ಹಸಿರು ನೀರು, ಯಾವ ಕಲ್ಲು ಎಷ್ಟು ಕೆಳಗಿದೆ ಅಂತ ಮೇಲಿನಿಂದ ಕಾಣುವುದಿಲ್ಲ.

ಸ್ನೇಹಿತರು ಎತ್ತಿ ತಂದರು. 108ರಲ್ಲಿ ಕರೆದುಕೊಂಡು ಹೋದೆವು, ಅಲ್ಲಿಂದ ಬೆಂಗಳೂರು. ಎಚ್ಚರ ಎಷ್ಟಿದೆ ಅಂತ ಅಳೆಯುವ ಜಿಸಿಎಸ್ ಲೆಕ್ಕದಲ್ಲಿ ಅವನಿಗೆ 15ಕ್ಕೆ 6 ಇತ್ತು. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು ಅಂತ ಅರ್ಥ. ಅವತ್ತು ರಾತ್ರಿಯೇ ಆಪರೇಷನ್. ಮೆದುಳು ಊದಿಕೊಂಡಿದ್ದರಿಂದ ತಲೆಬುರುಡೆಯ ಒಂದು ತುಂಡು ತೆಗೆದು ಹೊಟ್ಟೆಯ ಚರ್ಮದ ಕೆಳಗೆ ಇಟ್ಟರು. ತಲೆಯ ಪಟ್ಟಿಯ ಮೇಲೆ ‘ಇಲ್ಲಿ ಮೂಳೆ ಇಲ್ಲ’ ಅಂತ ಪೆನ್ನಿನಲ್ಲಿ ಬರೆದಿದ್ದರು. ಮೂರು ತಿಂಗಳು ಆ ಕಡೆ ಮಗ್ಗಲು ಮಲಗಿಸದೆ ಕಾದೆವು. ಆಮೇಲೆ ಅದೇ ತುಂಡನ್ನು ತಿರುಗಿ ಕೂರಿಸಿದರು.

ಈಗ ನಡೆಯುತ್ತಾನೆ, ಮಾತಾಡುತ್ತಾನೆ. ಬಲಗೈ ಸ್ವಲ್ಪ ನಿಧಾನ. ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ನಮ್ಮ ಕಷ್ಟ ಶುರುವಾಗಿದ್ದೇ ಅಲ್ಲಿಂದ.

‘ಎದ್ದು ಸ್ನಾನ ಮಾಡು’ ಅಂದರೆ ‘ಹೂಂ ಅಕ್ಕ’ ಅನ್ನುತ್ತಾನೆ. ಅಲ್ಲೇ ಕೂತಿರುತ್ತಾನೆ. ಅರ್ಧ ಗಂಟೆ ಬಿಟ್ಟು ಬಂದರೂ ಟವೆಲ್ ತೊಡೆ ಮೇಲೆ ಇಟ್ಟುಕೊಂಡು ಅಲ್ಲೇ ಇರುತ್ತಾನೆ. ಮನೆಗೆ ಬಂದವರೆಲ್ಲ ‘ಕೂತು ತಿನ್ನೋದು ಅಭ್ಯಾಸ ಆಗಿದೆ’ ಅನ್ನುತ್ತಾರೆ. ಅವನ ಮುಂದೆಯೇ ಅನ್ನುತ್ತಾರೆ. ಅಮ್ಮ ಒಳಗೆ ಹೋಗಿ ಅಳುತ್ತಾಳೆ.

ನಿಮ್ಹಾನ್ಸ್‌ನಲ್ಲಿ ಒಬ್ಬ ಮೇಡಂ ನಮಗೆ ಅರ್ಥ ಆಗುವ ಹಾಗೆ ಹೇಳಿದರು. ಹಣೆಯ ಹಿಂದಿರುವ ಮೆದುಳಿನ ಭಾಗಕ್ಕೆ ಪೆಟ್ಟಾಗಿದೆ, ಕೆಲಸ ಶುರು ಮಾಡಿಸುವುದು ಅದೇ ಭಾಗ. ‘ಗಾಡಿಯ ಇಂಜಿನ್ ಚೆನ್ನಾಗಿದೆ, ಸೆಲ್ಫ್ ಹೋಗಿದೆ. ತಳ್ಳಿದರೆ ಓಡುತ್ತದೆ’ ಅಂದರು. ನನಗೆ ಅರ್ಥವಾಯಿತು. ಊರಿಗೆ ಹೇಗೆ ಅರ್ಥ ಮಾಡಿಸುವುದು? ನಿಮ್ಮ ಮನೆಯಲ್ಲಿ ಹೀಗೆ ಆದವರಿದ್ದರೆ ದಯವಿಟ್ಟು ಬರೆಯಿರಿ. ಅವರು ಈಗ ಏನು ಕೆಲಸ ಮಾಡುತ್ತಾರೆ ಅನ್ನುವುದನ್ನೂ ಬರೆಯಿರಿ.

ಕೋಲಾರದ ತಾಯಿ

ನಿಮ್ಮ ಬರಹ ಓದಿ ಕೈ ನಡುಗಿತು ತಾಯಿ. ನನ್ನ ಮಗ ಕೆರೆಯಲ್ಲಿ ಮುಳುಗಿ ಉಳಿದವನು. ಬೆಂಗಳೂರಿನ ಶುದ್ಧ ಮಾಡಿದ ನೀರು 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆಯಲ್ಲ, ಅಂಥದೇ ಒಂದು ಕೆರೆ. ಮಕ್ಕಳು ಹುಟ್ಟಿದಾಗಿನಿಂದ ಒಣ ಕೆರೆ ನೋಡಿದವರು. ಈಜು ಎಲ್ಲಿ ಕಲಿತಾರು?

ಅವನ ತಲೆಗೆ ಏನೂ ಬಡಿದಿರಲಿಲ್ಲ. ಉಸಿರು ನಿಂತಿತ್ತು ಅಷ್ಟೇ. ನಾಲ್ಕೈದು ನಿಮಿಷ ಆಮ್ಲಜನಕ ಸಿಗದಿದ್ದರೂ ಮೆದುಳು ಸಾಯಲು ಶುರುವಾಗುತ್ತದಂತೆ. ನೆನಪಿನ ಭಾಗಕ್ಕೆ ಮೊದಲು ಹೊಡೆತ. ಹಳೆಯದು ಎಲ್ಲ ಗೊತ್ತು, ಬೆಳಿಗ್ಗೆ ತಿಂದ ತಿಂಡಿ ಗೊತ್ತಿಲ್ಲ.

ಅವನು ಆಸ್ಪತ್ರೆಯಲ್ಲಿದ್ದಾಗ ನಮ್ಮ ಮಾವನವರು ತೀರಿಕೊಂಡರು. ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ‘ತಾತ ಎಲ್ಲಿ?’ ಅಂತ ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. ದಿನಾ ಹೊಸದಾಗಿ ಅಳುತ್ತಿದ್ದ. ಒಂದು ತಿಂಗಳು ನನ್ನ ಮಗ ದಿನಾ ತಾತನನ್ನು ಕಳೆದುಕೊಂಡ. ಕೊನೆಗೆ ನಮ್ಮ ಯಜಮಾನರು ತಾತನ ಫೋಟೋಗೆ ಹಾರ ಹಾಕಿ ಅವನ ಮಂಚದ ಎದುರಿಗೇ ಹಾಕಿದರು. ಈಗ ಎದ್ದ ತಕ್ಷಣ ನೋಡುತ್ತಾನೆ. ಸುಮ್ಮನೆ ಕೈ ಮುಗಿಯುತ್ತಾನೆ. ಕೇಳುವುದಿಲ್ಲ.

ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ, ಕಣ್ಣಿಗೆ ಕಾಣುವ ಹಾಗೆ ಇಟ್ಟರೆ ನಿಲ್ಲುತ್ತದೆ. ನಮಗೆ ಗೊತ್ತಾಗಿದ್ದು ಇಷ್ಟೇ. ಕ್ಯಾಲೆಂಡರ್‌ನಲ್ಲಿ ಬರೆಯುತ್ತೇವೆ, ಕಳೆದ ದಿನಕ್ಕೆ ಗೀಟು ಹಾಕುತ್ತೇವೆ. ಬೇಗ ಬೇಗ ಬರೆದಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಚಿಂತಾಮಣಿಯ ಫಿಸಿಯೋ

ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಅಕ್ಕ, ನಿಮ್ಮ ಮೇಡಂ ಹೇಳಿದ್ದು ಸರಿ. ಅದಕ್ಕೆ ಒಂದು ಸಣ್ಣ ಮಾತು ಸೇರಿಸುತ್ತೇನೆ. ‘ಸ್ನಾನ ಮಾಡು’ ಅನ್ನುವುದು ನಮಗೆ ಒಂದು ಕೆಲಸ. ಅವನಿಗೆ ಅದು ಹದಿನೈದು ಕೆಲಸ. ಏಳಬೇಕು, ಬಟ್ಟೆ ತೆಗೆದುಕೊಳ್ಳಬೇಕು, ಬಾಗಿಲು ಹಾಕಬೇಕು, ನೀರು ಬೆರೆಸಬೇಕು. ಮೊದಲನೆಯದನ್ನು ಮಾತ್ರ ಹೇಳಿ. ‘ಎದ್ದು ನಿಂತುಕೋ’ ಅನ್ನಿ, ಬೇಕಾದರೆ ಭುಜ ಮುಟ್ಟಿ. ಎದ್ದ ಮೇಲೆ ಉಳಿದದ್ದು ಎಷ್ಟೋ ಸಲ ತಾನಾಗಿ ಬರುತ್ತದೆ. ‘ಸ್ನಾನ ಮಾಡ್ತೀಯಾ?’ ಅಂತ ಕೇಳಬೇಡಿ. ಅವನು ಅದನ್ನೂ ತೀರ್ಮಾನ ಮಾಡಬೇಕಾಗುತ್ತದೆ.

ಇನ್ನೊಂದು, ಸುಸ್ತು. ನಮ್ಮ ದೇಹದ ತೂಕದಲ್ಲಿ ಮೆದುಳು ಸುಮಾರು 2%. ಆದರೆ ಸುಮ್ಮನೆ ಕೂತಾಗಲೂ ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು 20% ಅದಕ್ಕೇ ಬೇಕು. ಪೆಟ್ಟು ತಿಂದ ಮೆದುಳಿಗೆ ನಾಲ್ಕು ಜನರ ಮಾತು ಒಟ್ಟಿಗೆ ಕೇಳುವುದೂ ದುಡಿಮೆಯೇ. ಕೆಲಸ, ವ್ಯಾಯಾಮ ಎಲ್ಲ ಬೆಳಿಗ್ಗೆ ಹೊತ್ತು ಇಟ್ಟುಕೊಳ್ಳಿ. ಮಧ್ಯಾಹ್ನ ಒಂದು ಗಂಟೆ ಟಿವಿ, ಮೊಬೈಲ್ ಇಲ್ಲದೆ ಮಲಗಲಿ.

ಫಿಟ್ಸ್ ಮಾತ್ರೆ ಇದ್ದರೆ ಡಾಕ್ಟರ್ ಹೇಳದೆ ನಿಲ್ಲಿಸಬೇಡಿ. ಆರು ತಿಂಗಳಿಂದ ಫಿಟ್ಸ್ ಬಂದಿಲ್ಲ, ಇನ್ನು ಯಾಕೆ ಅಂತ ನಿಲ್ಲಿಸಿ ಮತ್ತೆ ಆಸ್ಪತ್ರೆ ಸೇರಿದವರನ್ನು ನೋಡಿದ್ದೇನೆ. ಹೆಂಡದಿಂದ ದೂರ ಇರಲಿ. ಬಾವಿ, ಕೆರೆ ಹತ್ತಿರ ಒಬ್ಬನೇ ಹೋಗುವುದು ಬೇಡ.

ಇದನ್ನು ಓದುತ್ತಿರುವ ಹುಡುಗರಿಗೆ ಒಂದು ಮಾತು. ತಲೆ ಮೊದಲು ಧುಮುಕಿ ಪೆಟ್ಟಾದವರನ್ನು ಕಂಕುಳಿಗೆ ಕೈ ಹಾಕಿ ದರದರ ಎಳೆಯಬೇಡಿ. ಕತ್ತಿನ ಮೂಳೆಯೂ ಮುರಿದಿರಬಹುದು. ಮುಖ ನೀರಿನ ಮೇಲೆ ಇರಲಿ, ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿ ಇರಲಿ. ಹಲಗೆ ಸಿಕ್ಕರೆ ಅದರ ಮೇಲೆ ಮಲಗಿಸಿ ಎತ್ತಿ. ಉಸಿರಾಟ ನಿಂತಿದ್ದರೆ ಮಾತ್ರ ಕಾಯುವ ಹಾಗಿಲ್ಲ. ಬೇಗ ಹೊರಗೆ ತಂದು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು.

ಗೌರಿಬಿದನೂರು ಮಾವ

ಬೇಜಾರು ಮಾಡಿಕೊಳ್ಳಬೇಡಮ್ಮ, ಹಿರಿಯನಾಗಿ ಒಂದು ಮಾತು ಕೇಳುತ್ತೇನೆ. ಎಲ್ಲದಕ್ಕೂ ಮೆದುಳು ಮೆದುಳು ಅಂತ ಬಿಟ್ಟರೆ ಅವನು ಕಲಿಯುವುದು ಯಾವಾಗ? ನೀವು ಎಷ್ಟು ದಿನ ಹಿಂದೆ ನಿಂತು ಹೇಳುತ್ತೀರಿ? ನಿಮ್ಮಪ್ಪ ಅಮ್ಮನಿಗೆ ವಯಸ್ಸಾಗುತ್ತದೆ. ನಿನಗೆ ನಿನ್ನ ಸಂಸಾರ ಇದೆ. ಸ್ವಲ್ಪ ಗದರಿಸಿದರೆ ತಪ್ಪಿಲ್ಲ ಅಂತ ನನ್ನ ಅನಿಸಿಕೆ.

ಶಿಡ್ಲಘಟ್ಟದ ಅಕ್ಕ

ಮಾವ, ಬೇಜಾರಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ಗದರಿಸಿದ್ದೂ ಇದೆ. ಒಂದು ಸಲ ಪರೀಕ್ಷೆ ಮಾಡೋಣ ಅಂತ ಮನೆಯವರೆಲ್ಲ ಮಾತಾಡಿಕೊಂಡೆವು. ಒಂದು ದಿನ ಯಾರೂ ಏನೂ ಹೇಳುವುದು ಬೇಡ, ತಾನಾಗೇ ಏಳಲಿ ಅಂತ. ಮಾತ್ರೆ ಮಾತ್ರ ಅಮ್ಮ ಹೊತ್ತಿಗೆ ಸರಿಯಾಗಿ ಕೊಟ್ಟಳು.

ಅಮ್ಮ ಅವತ್ತು ಅವನಿಗೆ ಇಷ್ಟ ಅಂತ ಅವರೆಕಾಳು ಸಾರು, ಮುದ್ದೆ ಮಾಡಿದ್ದಳು. ಅಡುಗೆಮನೆ ಅವನು ಕೂತ ಜಾಗದಿಂದ ಹತ್ತು ಹೆಜ್ಜೆ. ತಟ್ಟೆ ಕಾಣುತ್ತಿತ್ತು, ವಾಸನೆ ಬರುತ್ತಿತ್ತು. ಒಂದು ಗಂಟೆ ಆಯಿತು, ಎರಡಾಯಿತು. ಎರಡೂವರೆಗೆ ನಾನು ಹೋಗಿ ‘ಹಸಿವಾಗಿಲ್ವಾ?’ ಅಂದೆ. ‘ತುಂಬಾ ಹಸಿವಾಗಿದೆ ಅಕ್ಕ’ ಅಂದ. ಕಣ್ಣಲ್ಲಿ ನೀರಿತ್ತು. ‘ಮತ್ತೆ ಯಾಕೆ ಬರಲಿಲ್ಲ?’ ಅಂದೆ. ‘ಬರಬೇಕು ಅಂತಾನೇ ಇದ್ದೀನಿ’ ಅಂದ.

ಮಾವ, ಸೋಮಾರಿ ಕೆಲಸ ಬಿಡುತ್ತಾನೆ, ಊಟ ಬಿಡುತ್ತಾನಾ? ಅವತ್ತಿನಿಂದ ನಾನು ಒಂದು ದಿನವೂ ಗದರಿಸಿಲ್ಲ. ಇಂಥ ಪರೀಕ್ಷೆ ಯಾರೂ ಮಾಡಬೇಡಿ, ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೆ ನಮ್ಮ ದೊಡ್ಡಪ್ಪನಿಗೆ ನಾನು ಹೇಳುವುದು ಈಗ ಇದೊಂದೇ ಕತೆ. ಸ್ಕ್ಯಾನ್ ತೋರಿಸಿದಾಗ ಅವರಿಗೆ ಅರ್ಥವಾಗಲಿಲ್ಲ. ಇದು ಹೇಳಿದ ಮೇಲೆ ಸುಮ್ಮನಾದರು.

ಗೌರಿಬಿದನೂರು ಮಾವ

ಓದಿದೆ ತಾಯಿ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ನಮ್ಮ ಊರಲ್ಲೂ ಲಾರಿ ಆಕ್ಸಿಡೆಂಟ್ ಆದ ಒಬ್ಬ ಹುಡುಗ ಇದ್ದಾನೆ, ಅರಳಿಕಟ್ಟೆ ಮೇಲೆ ಕೂತಿರುತ್ತಾನೆ. ನಾವೆಲ್ಲ ಅವನಿಗೆ ಏನೇನೋ ಅಂದಿದ್ದೇವೆ.

ತುಮಕೂರಿನಿಂದ

ನಮ್ಮದು ಬಾವಿ ಅಲ್ಲ, ಬೈಕ್. ನನ್ನ ಯಜಮಾನರಿಗೆ ಆರು ವರ್ಷದ ಹಿಂದೆ ಆಯಿತು. ನಮ್ಮಲ್ಲಿ ಸುಮ್ಮನೆ ಕೂರುವುದಲ್ಲ, ಸಿಟ್ಟು. ಮೊದಲು ಇರುವೆಗೂ ನೋವು ಮಾಡದ ಮನುಷ್ಯ. ಈಗ ಸಾರಿಗೆ ಉಪ್ಪು ಕಮ್ಮಿ ಆದರೆ ತಟ್ಟೆ ಎಸೆಯುತ್ತಾರೆ. ಹತ್ತು ನಿಮಿಷಕ್ಕೆ ಮರೆತು ‘ಯಾಕೆ ಮುಖ ಸಪ್ಪಗಿದೆ?’ ಅಂತ ಕೇಳುತ್ತಾರೆ.

ಇಲ್ಲಿ ಎಲ್ಲರೂ ತಾಳ್ಮೆ ಅಂತ ಬರೆಯುತ್ತಿದ್ದೀರಿ. ಅಕ್ಕ ತಮ್ಮನ ವಿಷಯ ಬೇರೆ, ಗಂಡ ಹೆಂಡತಿ ವಿಷಯ ಬೇರೆ. ತಮ್ಮ ಬದಲಾದರೂ ತಮ್ಮನೇ. ನಾನು ಮದುವೆಯಾದ ಮನುಷ್ಯ ಎಲ್ಲಿ ಹೋದರು ಅಂತ ನಾನು ಯಾರನ್ನು ಕೇಳಲಿ? ಅವರು ಎದುರಿಗೇ ಇದ್ದಾರೆ, ಅಳುವ ಹಾಗೂ ಇಲ್ಲ.

ನನಗೆ ದಾರಿಯಾಗಿದ್ದು ಹೇಳುತ್ತೇನೆ. ಗದ್ದಲ, ಹಸಿವು, ನಿದ್ದೆ ಕೆಡುವುದು, ಈ ಮೂರರಲ್ಲಿ ಎರಡು ಸೇರಿದರೆ ಸಿಟ್ಟು ಬರುವುದು ಗ್ಯಾರಂಟಿ. ಒಂದು ವರ್ಷ ಸಿದ್ಧಗಂಗಾ ಜಾತ್ರೆಗೆ ಕರೆದುಕೊಂಡು ಹೋಗಿ ತುಂಬಾ ಕಷ್ಟಪಟ್ಟೆ. ಈಗ ಜಾತ್ರೆ ಮುಗಿದ ಮೇಲೆ ಬೆಟ್ಟಕ್ಕೆ ಬೆಳಿಗ್ಗೆ ಬೇಗ ಹೋಗಿ ಬರುತ್ತೇವೆ. ಸಿಟ್ಟು ಬಂದಾಗ ವಾದ ಮಾಡುವುದಿಲ್ಲ, ಮಗಳನ್ನು ಕರೆದುಕೊಂಡು ಹೊರಗೆ ಹೋಗುತ್ತೇನೆ. ಪಕ್ಕದ ಮನೆಯವರಿಗೆ ಹೇಳಿಟ್ಟಿದ್ದೇನೆ, ಕಾರಣ ಕೇಳದೆ ಬಾಗಿಲು ತೆಗೆಯುತ್ತಾರೆ. ಅವರ ಋಣ ತೀರಿಸಲಾರೆ.

ಒಂದು ರಾತ್ರಿ ತಡೆಯಲಾರದೆ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಅವತ್ತು ಆರು ವರ್ಷದಲ್ಲಿ ಮೊದಲ ಸಲ ಯಾರೋ ‘ನೀವು ಹೇಗಿದ್ದೀರಿ?’ ಅಂತ ನನ್ನನ್ನು ಕೇಳಿದರು. ನೋಡಿಕೊಳ್ಳುವವರೇ, ಈ ನಂಬರ್ ನಿಮಗೂ ಇದೆ.

ಎಂ.ಆರ್.ಡಬ್ಲ್ಯೂ, ಬಾಗೇಪಲ್ಲಿ ಕಡೆ

ತಾಲ್ಲೂಕು ಪಂಚಾಯಿತಿಯಲ್ಲಿ ಅಂಗವಿಕಲರ ಪುನರ್ವಸತಿ ಕೆಲಸ ಮಾಡುವವನು ನಾನು. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಿಮ್ಮ ತಮ್ಮನಿಗೆ ಮಾಡಿಸಿದ್ದೀರಾ?

2016ರ ಕಾಯ್ದೆ ಬಂದ ಮೇಲೆ ಅಂಗವಿಕಲತೆಯ ಪಟ್ಟಿ 7ರಿಂದ 21ಕ್ಕೆ ಏರಿತು. ಅದರಲ್ಲಿ ಮೆದುಳಿನ ಪೆಟ್ಟು ಅಂತ ಪ್ರತ್ಯೇಕ ಹೆಸರಿಲ್ಲ. ಪೆಟ್ಟಿನಿಂದ ಏನಾಗಿದೆ ಅನ್ನುವುದನ್ನು ನೋಡುತ್ತಾರೆ. ಕೈಕಾಲು, ಮಾತು, ಮನಸ್ಸು, ಬುದ್ಧಿಯ ಕೆಲಸ, ಹೀಗೆ. ಒಂದಕ್ಕಿಂತ ಜಾಸ್ತಿ ಇದ್ದರೆ ಸೇರಿಸಿ ಲೆಕ್ಕ ಹಾಕುತ್ತಾರೆ. ಬಹುತೇಕ ಸವಲತ್ತುಗಳಿಗೆ ಅಂಗವಿಕಲತೆ ಕನಿಷ್ಠ 40% ಇರಬೇಕು. ನಡೆಯುತ್ತಾ ಒಳಗೆ ಹೋದವನನ್ನು ಕೈಕಾಲು ಮಾತ್ರ ನೋಡಿ ಕಳಿಸಿಬಿಡುವುದು ಆಗುತ್ತದೆ. ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್, ಮುಖ್ಯವಾಗಿ ನೆನಪು ಮತ್ತು ಯೋಚನೆಯ ಪರೀಕ್ಷೆ ಮಾಡಿದ ವರದಿ ಕೈಯಲ್ಲಿರಲಿ. ಮನೆಯವರು ಒಬ್ಬರು ಜೊತೆಗಿದ್ದು ಮಾತಾಡಿ. ‘ಪರವಾಗಿಲ್ಲ, ಚೆನ್ನಾಗಿದ್ದಾನೆ’ ಅನ್ನುವುದು ನಮ್ಮ ಬಾಯಿಗೆ ಮೊದಲು ಬರುವ ಮಾತು. ಅಲ್ಲಿ ಅದನ್ನು ಹೇಳಬೇಡಿ. ಈ ಊಟದ ದಿನದ ಕತೆ ಇದೆಯಲ್ಲ, ಅದನ್ನೇ ಹೇಳಿ.

ಕಾರ್ಡ್ ಬಂದ ಮೇಲೆ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಇದೇ ಪುನರ್ವಸತಿ ಕೆಲಸ ಮಾಡುವ ವಿ.ಆರ್.ಡಬ್ಲ್ಯೂ ಇರುತ್ತಾರೆ, ಮೊದಲು ಅವರನ್ನು ನೋಡಿ.

ಶಿಡ್ಲಘಟ್ಟದ ಅಕ್ಕ

ಸರ್, ಒಂದು ಶಿಬಿರಕ್ಕೆ ಹೋಗಿ ನೀವು ಹೇಳಿದ ಹಾಗೇ ವಾಪಸ್ ಬಂದಿದ್ದೆವು. ಕೈ ಎತ್ತು ಅಂದರು, ಎತ್ತಿದ. ನಡಿ ಅಂದರು, ನಡೆದ. ಎರಡೂ ಅವರು ಹೇಳಿದ್ದಕ್ಕೇ ಮಾಡಿದ್ದು ಅನ್ನುವುದು ನನಗೂ ಆಗ ಹೊಳೆಯಲಿಲ್ಲ. ಈಗ ವರದಿ ಇಟ್ಟುಕೊಂಡು ಮತ್ತೆ ಹೋಗುತ್ತೇವೆ.

ತುಮಕೂರಿನ ಅಕ್ಕ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಕಷ್ಟ ನನ್ನದಕ್ಕಿಂತ ದೊಡ್ಡದು.

ಕೆಲಸದ ಬಗ್ಗೆ ನಾನೇ ಕೇಳಿದ್ದೆ, ನಮ್ಮದೂ ಹೇಳುತ್ತೇನೆ. ಅದಕ್ಕೂ ಮೊದಲು ಮಾತಿನ ವಿಷಯ ಒಂದು. ನಮ್ಮ ಮನೆ ಮಾತು ತೆಲುಗು, ಓದಿದ್ದು ಕನ್ನಡ. ನಮ್ಮ ಭಾಗದಲ್ಲಿ ಇದು ಸಾಮಾನ್ಯ ಅಲ್ವಾ? ಮಾತು ಕಲಿಸುವಾಗ ಹಸುವಿನ ಚಿತ್ರ ತೋರಿಸಿ ಕನ್ನಡದಲ್ಲಿ ಕೇಳುತ್ತಿದ್ದರು. ಬಾಯಿ ಬಿಡುತ್ತಿರಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು ‘ಇದೇಮಿ ನಾಯನಾ?’ ಅಂದಳು. ‘ಆವು’ ಅಂದ. ಕನ್ನಡ ಎರಡು ತಿಂಗಳ ನಂತರ ಬಂತು. ಮನೆ ಮಾತು ಬೇರೆ ಇರುವವರು ಮೊದಲ ದಿನವೇ ಥೆರಪಿ ಮಾಡುವವರಿಗೆ ಹೇಳಿ.

ಈಗ ಹುಳು ಮನೆ. ಕೈಗೆ ವ್ಯಾಯಾಮ ಅಂತ ರಬ್ಬರ್ ಚೆಂಡು ಒತ್ತಲು ಕೊಟ್ಟಿದ್ದರು, ಎರಡು ದಿನ ಒತ್ತಿ ಬಿಟ್ಟ. ಗೂಡು ಬಿಡಿಸುವ ದಿನ ಸುಮ್ನೆ ಪಕ್ಕದಲ್ಲಿ ಕೂರಿಸಿಕೊಂಡೆ. ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಯಿಂದ, ಗೂಡು ಬಿಡಿಸುವುದು ನೋಡಿದವರಿಗೆ ಗೊತ್ತು. ಮೇಲಿನ ಸಡಿಲ ನೂಲು ಬಿದಿರಿನ ಪಟ್ಟಿಗೆ ಅಂಟಿಕೊಂಡಿರುತ್ತದೆ. ಜೋರಾಗಿ ಹಿಡಿದರೆ ಗೂಡು ನಗ್ಗುತ್ತದೆ, ಮಾರ್ಕೆಟ್‌ನಲ್ಲಿ ರೇಟ್ ಬೀಳುತ್ತದೆ. ಮೆತ್ತಗೆ ಹಿಡಿದರೆ ಬರುವುದೇ ಇಲ್ಲ. ಹೆಬ್ಬೆರಳು, ಎರಡು ಬೆರಳು, ಸ್ವಲ್ಪ ತಿರುಗಿಸಿ ಎಳೆಯಬೇಕು. ಮೊದಲ ದಿನ ಅವನು ಬಿಡಿಸಿದ್ದು ಹನ್ನೊಂದು ಗೂಡು, ಅದರಲ್ಲಿ ಏಳು ನಗ್ಗಿದ್ದವು. ಅಪ್ಪ ಆ ಏಳನ್ನೂ ಎತ್ತಿ ಜೇಬಿಗೆ ಹಾಕಿಕೊಂಡರು, ಏನೂ ಅನ್ನಲಿಲ್ಲ. ಈಗ ನನ್ನ ಅರ್ಧದಷ್ಟು ಬಿಡಿಸುತ್ತಾನೆ. ಕಲೆ ಬಿದ್ದದ್ದು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಬೇರೆ ಮಾಡುವುದು ನನಗಿಂತ ಚೆನ್ನಾಗಿ ಮಾಡುತ್ತಾನೆ.

ನಾನು ಹೇಳಬೇಕು ಅಂತ ಇದ್ದದ್ದು ಇನ್ನೊಂದು. ದಿನಕ್ಕೆ ಮೂರು ಸಲ ಸೊಪ್ಪು. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಎಂಟೂವರೆ. ಮೊದಲು ಪ್ರತಿ ಸಲ ನಾನೇ ಕರೆಯುತ್ತಿದ್ದೆ. ನಾಲ್ಕನೇ ಜ್ವರ (ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವ ಹೊತ್ತಿಗೆ ನಾವು ಹಾಗನ್ನುತ್ತೇವೆ) ಎದ್ದ ಮೇಲೆ ಹುಳು ಸೊಪ್ಪು ತಿನ್ನುವ ಸದ್ದು ಹೇಗಿರುತ್ತದೆ ಗೊತ್ತಲ್ಲ, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಹೋದ ವರ್ಷ ಒಂದು ಮಧ್ಯಾಹ್ನ ನಾನು ಬಟ್ಟೆ ಒಗೆಯುತ್ತಿದ್ದೆ. ಅವನು ಹುಳು ಮನೆ ಬಾಗಿಲಲ್ಲಿ ಕೂತಿದ್ದ. ಇನ್ನೂ ಎರಡು ಗಂಟೆ ಆಗಿರಲಿಲ್ಲ. ಒಳಗೆ ಸದ್ದು ಕಮ್ಮಿಯಾಯಿತು, ನಿಂತಿತು. ಅವನು ಎದ್ದ. ಯಾರೂ ಕರೆದಿಲ್ಲ. ಸೊಪ್ಪಿನ ಹೊರೆ ಬಿಚ್ಚಿ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿವರೆಗೆ ಹಾಕಿದ. ನಾನು ಸೋಪಿನ ಕೈಯಲ್ಲೇ ನಿಂತು ನೋಡಿದೆ. ಕರೆದರೆ ಎಲ್ಲಿ ನಿಂತುಬಿಡುತ್ತಾನೋ ಅಂತ ಭಯ.

ಅದಾದ ಮೇಲೆ ದಿನಾ ಹಾಗೇ ಆಗುತ್ತದೆ ಅಂತಲ್ಲ. ಐದು ಸಲಕ್ಕೆ ಎರಡು ಸಲ. ಹುಳು ಜ್ವರಕ್ಕೆ ಹೋದ ದಿನ ಸದ್ದೂ ಇಲ್ಲ, ಸೊಪ್ಪೂ ಇಲ್ಲ, ಅವತ್ತು ಅವನೂ ಮಂಕಾಗಿರುತ್ತಾನೆ.

ಮಾಲೂರು, 34

ನಾನೂ ಪೆಟ್ಟು ತಿಂದವನು. ಕ್ವಾರಿ ಗುಂಡಿಗೆ ಧುಮುಕಿದ್ದೆ. ಒಂಬತ್ತು ವರ್ಷ ಆಯಿತು. ಬರೆಯಲು ಹೊತ್ತು ಬೇಕು. ಇದನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ.

ನಿಮ್ಮ ತಮ್ಮ ‘ಬರಬೇಕು ಅಂತಾನೇ ಇದ್ದೀನಿ’ ಅಂದನಲ್ಲ. ಅದು ನಿಜ. ಏಳಬೇಕು ಅಂತ ಗೊತ್ತಿರುತ್ತದೆ. ಕಾಲಿಗೆ ಹೇಳುತ್ತೇನೆ. ಹೇಳಿದ್ದು ಎಲ್ಲೋ ನಿಂತುಹೋಗುತ್ತದೆ. ಒಳಗೆ ತುಂಬಾ ಅವಸರ ಇರುತ್ತದೆ. ಹೊರಗೆ ಕಾಣುವುದಿಲ್ಲ.

ಮೊದಲು ಲೆಕ್ಕ ಬರೆಯುತ್ತಿದ್ದೆ. ಈಗ ಅಣ್ಣನ ಅಂಗಡಿಯಲ್ಲಿ ಸಾಮಾನು ಜೋಡಿಸುತ್ತೇನೆ. ಮೊಬೈಲ್‌ನಲ್ಲಿ ಅಲಾರಂ ಒಂಬತ್ತು ಇದೆ. ಒಂದೊಂದಕ್ಕೂ ಬೇರೆ ಹಾಡು. ತಮಟೆ ಸದ್ದು ಬಂದರೆ ಊಟ. ನನ್ನ ಸಂಬಳ ನನ್ನ ಕೈಗೆ ಕೊಡುತ್ತಾರೆ. ಅದು ಮುಖ್ಯ.

‘ಹೇಗಿದ್ದವನು ಹೇಗಾದ’ ಅಂತ ನಮ್ಮ ಮುಂದೆ ಹೇಳಬೇಡಿ. ಕೇಳುತ್ತದೆ.

ನಿಮ್ಮ ತಮ್ಮನಿಗೆ ಗೂಡಿನ ದುಡ್ಡಲ್ಲಿ ಪಾಲು ಕೊಡುತ್ತೀರಾ?

ಶಿಡ್ಲಘಟ್ಟದ ಅಕ್ಕ

ಅಣ್ಣ, ಇಲ್ಲ. ಇದುವರೆಗೆ ಕೊಟ್ಟಿಲ್ಲ. ಬಟ್ಟೆ, ಚಪ್ಪಲಿ, ಮಾತ್ರೆ ಎಲ್ಲ ನಾವೇ ತರುತ್ತೇವೆ, ಇನ್ನೇನು ಬೇಕು ಅಂದುಕೊಂಡಿದ್ದೆವು. ಕೊಡಬೇಕು ಅಂತ ನಮಗೆ ಹೊಳೆದೇ ಇಲ್ಲ. ನೀವು ಬರೆದದ್ದನ್ನು ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಬೀರು ತೆಗೆದು ಆ ನಗ್ಗಿದ ಏಳು ಗೂಡು ತಂದು ತೋರಿಸಿದರು. ಅವನ್ನು ಇಟ್ಟುಕೊಂಡಿದ್ದಾರೆ ಅಂತ ನನಗೂ ಗೊತ್ತಿರಲಿಲ್ಲ.

ತಮ್ಮನಿಗೂ ಓದಿದೆ. ‘ತಮಟೆ ಸದ್ದು ಬಂದರೆ ಊಟ’ ಅನ್ನುವುದಕ್ಕೆ ನಕ್ಕ. ಅವನಿಗೂ ಅಂಥದ್ದು ಬೇಕಂತೆ. ಯಾವ ಹಾಡು ಯಾವುದಕ್ಕೆ ಅಂತ ಇಬ್ಬರೂ ಕೂತು ಹಾಕುತ್ತಿದ್ದೇವೆ. ಈ ಬೆಳೆ ಇನ್ನು ಹತ್ತು ದಿನಕ್ಕೆ ಮಾರ್ಕೆಟ್‌ಗೆ ಹೋಗುತ್ತದೆ. ಅಪ್ಪನ ಜೊತೆ ಅವನೂ ಹೋಗಿ ಅವನ ಪಾಲಿನ ದುಡ್ಡು ತಾನೇ ಎಣಿಸಿಕೊಳ್ಳಲಿ ಅಂತ ತೀರ್ಮಾನ ಆಗಿದೆ. ಗದ್ದಲ ಜಾಸ್ತಿ ಇರುತ್ತದೆ, ಹಾಗಾಗಿ ಬೆಳಿಗ್ಗೆ ಬೇಗ ಹೋಗುತ್ತಾರೆ.

ಎಂಟೂವರೆ ಆಯಿತು, ಸೊಪ್ಪು ಹಾಕಬೇಕು. ಹೋಗಿ ಬಂದು ಮಿಕ್ಕವರಿಗೆ ಉತ್ತರ ಬರೆಯುತ್ತೇನೆ.